ಹನ್ನೊಂದು ದಿನದ ರಿಪೇರಿ

ನಮ್ಮ ಮನೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಯಾರೂ ಒಪ್ಪಿಸಿದ್ದಲ್ಲ, ನಾನೇ ಮೈಮೇಲೆ ಎಳೆದುಕೊಂಡದ್ದು. ಅಮೆರಿಕದ ಸಾಂಟಾ ಕ್ಲಾರಾದ ಆಫೀಸುಗಳಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಗ್ರಾಫಿಕ್ಸ್ ಡ್ರೈವರ್ ಬರೆದವನು ನಾನು. ಡ್ರೈವರ್ ಅಂದರೆ ಮತ್ತೇನಲ್ಲ, ಕಂಪ್ಯೂಟರು ಹೇಳಿದ್ದನ್ನು ಗ್ರಾಫಿಕ್ಸ್ ಕಾರ್ಡಿಗೆ ಅರ್ಥವಾಗುವ ಹಾಗೆ ದಾಟಿಸುವ ಪ್ರೋಗ್ರಾಮು. ಅದು ಕೆಟ್ಟರೆ ಪರದೆ ಕಪ್ಪಾಗುತ್ತದೆ, ಮಿಣುಕುತ್ತದೆ, ಚಿತ್ರ ನಡುವೆ ಹರಿದುಹೋಗುತ್ತದೆ. ಅಂಥ ಎಷ್ಟೋ ತೊಂದರೆಗಳ ಮೂಲ ಹಿಡಿದು ಸರಿಮಾಡಿದ ಜಂಬ ನನಗಿತ್ತು. ಈಗ ಬರೆಯಹೊರಟಿರುವುದು ಆ ಜಂಬದ ವಿಷಯವೇ ಆದ್ದರಿಂದ ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನನ್ನ ಹೆಂಡತಿ ಚಿಪ್ಪಿನ ಲೇಔಟ್ ಮಾಡುವವಳು. ಚಿಪ್ಪಿನೊಳಗೆ ಯಾವ ತಂತಿ ಯಾವ ಪದರದಲ್ಲಿ, ಎಲ್ಲಿಂದ ಎಲ್ಲಿಗೆ, ಎಷ್ಟು ಅಗಲಕ್ಕೆ ಓಡಬೇಕು ಅಂತ ಪರದೆಯ ಮೇಲೆ ಗೆರೆ ಎಳೆದು ಕೂರಿಸುವ ಕೆಲಸ. ಬೆಳಿಗ್ಗೆಯಿಂದ ಸಂಜೆವರೆಗೆ ಅವಳ ಕಣ್ಣ ಮುಂದೆ ಇರುವುದು ಕೆಂಪು, ನೀಲಿ, ಹಸಿರು ಗೆರೆಗಳು. ಎಲ್ಲವೂ ನೆಟ್ಟಗೆ ನಿಂತವು ಇಲ್ಲಾ ನೆಟ್ಟಗೆ ಮಲಗಿದವು. ಕಂಪನಿಯ ಕಾಯಂ ಕೆಲಸ ಬಿಟ್ಟು ಮನೆಯಿಂದಲೇ ಕನ್ಸಲ್ಟಿಂಗು ಮಾಡಲು ಶುರು ಮಾಡಿದ ಮೇಲೆ, ಕಾಲೇಜಿಗೆ ಹೋದ ಮಗಳ ಕೋಣೆಯಲ್ಲಿ ದೊಡ್ಡ ಮಾನಿಟರು ಇಟ್ಟು, ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿದ ಒಂದು ಮೆಷೀನು ಕಟ್ಟಿಕೊಟ್ಟವನು ನಾನೇ.

ಅವಳು ಉಡುಪಿ ಕಡೆಯವಳು, ನಾನು ಮೈಸೂರಿನವನು. ಇಷ್ಟು ವರ್ಷ ಒಟ್ಟಿಗಿದ್ದರೂ ಅವಳ 'ಎಂತ', 'ಉಂಟು' ಬದಲಾಗಿಲ್ಲ. ಆರನೇ ವಯಸ್ಸಿಗೇ ಕನ್ನಡಕ ಬಂದದ್ದು. ಈಗ ಅದರ ಪವರ್ ಮೈನಸ್ ಹದಿನಾಲ್ಕು. ಕನ್ನಡಕ ಹುಡುಕಬೇಕಾದರೂ ಕನ್ನಡಕ ಹಾಕಿಕೊಂಡೇ ಹುಡುಕಬೇಕು ಅಂತ ನಾವು ತಮಾಷೆ ಮಾಡುತ್ತಿದ್ದೆವು. ಅಷ್ಟು ಪವರ್ ಇದ್ದವರ ಕಣ್ಣಿನ ಹಿಂಭಾಗದ ರೆಟಿನಾ ಅನ್ನುವ ಪರೆ ಎಳೆದುಕೊಂಡು ತೆಳ್ಳಗಾಗಿರುತ್ತದೆ, ಎಚ್ಚರ ಬೇಕು ಅಂತ ವರ್ಷವರ್ಷವೂ ಕಣ್ಣಿನ ಡಾಕ್ಟರು ಹೇಳುತ್ತಿದ್ದರು. ಹೇಳುವುದು ಅವರ ಧರ್ಮ ಅಂದುಕೊಂಡು ತಲೆಯಾಡಿಸಿ ಬರುತ್ತಿದ್ದೆವು.

ಆ ಶನಿವಾರ ಅವಳ ಮೆಷೀನಿನ ಲಿನಕ್ಸನ್ನು ಹೊಸ ಆವೃತ್ತಿಗೆ ಏರಿಸಿದೆ. ಹಳೆಯದು ಚೆನ್ನಾಗಿಯೇ ಓಡುತ್ತಿತ್ತು. ಆದರೆ ಮೂಲೆಯಲ್ಲಿ ಅಪ್‌ಗ್ರೇಡ್ ಬಂದಿದೆ ಅಂತ ಒಂದು ಸಣ್ಣ ಗುರುತು ಕಂಡರೆ ನನಗೆ ನಿದ್ದೆ ಬರುವುದಿಲ್ಲ. ಇರಲಾರದವನು ಇರುವೆ ಬಿಟ್ಟುಕೊಂಡ ಅನ್ನುವ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು. "ಬೇಡ ಮಾರಾಯ್ರೆ, ನನಗೆ ಈ ತಿಂಗಳು ಕಂಪನಿಗೆ ಲೇಔಟ್ ಡೆಲಿವರಿ ಉಂಟು," ಅಂತ ಅವಳು ಅಂದಳು. ಒಂದು ಗಂಟೆಯ ಕೆಲಸ ಅಂತ ನಾನು ಅಂದೆ. ಅಪ್‌ಗ್ರೇಡ್ ಮುಗಿದು ಮೆಷೀನು ಮತ್ತೆ ಶುರುವಾದಾಗ ಪರದೆ ಕಪ್ಪಗಿತ್ತು.

ಕಾರಣ ದೊಡ್ಡದೇನಲ್ಲ. ಸಿಸ್ಟಮ್ಮಿನ ಬುಡದಲ್ಲಿರುವ ಕರ್ನೆಲ್ ಹೊಸದಾಗಿತ್ತು, ಹಳೆಯ ಡ್ರೈವರ್ ಅದಕ್ಕೆ ಹೊಂದಲಿಲ್ಲ. ಶನಿವಾರ ಪೂರ್ತಿ ಕೂತು ಹಳೆಯದನ್ನು ಕಿತ್ತು, ಹೊಸದನ್ನು ಹಾಕಿ, ಭಾನುವಾರ ಮಧ್ಯಾಹ್ನದ ಊಟದ ಹೊತ್ತಿಗೆ ಪರದೆಗೆ ಜೀವ ತರಿಸಿದೆ. ಅಕ್ಷರಗಳು ಒಂದಿಷ್ಟು ದಪ್ಪಗೆ ಬಂದಿದ್ದವು, ಕಿಟಕಿಗಳನ್ನು ಸರಿಸಿದರೆ ಚಿತ್ರ ಹರಿಯುತ್ತಿತ್ತು. ಅದನ್ನೆಲ್ಲ ವಾರದಲ್ಲಿ ಸರಿಮಾಡುತ್ತೇನೆ ಅಂದೆ. ನನ್ನ ಪದ್ಧತಿಯಂತೆ ಒಂದು ಫೈಲು ತೆರೆದು ತಾರೀಖು ಹಾಕಿ, ಏನು ಬದಲಾಯಿಸಿದೆ, ಏನಾಯಿತು ಅಂತ ಬರೆದಿಟ್ಟೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದಕ್ಕೂ ಒಂದು ಸಾಲು. ನನ್ನ ಕಸುಬಿನಲ್ಲಿ ನನಗೆ ಕಲಿಸಿದವರು ಕಲಿಸಿದ ಮೊದಲ ಪಾಠ ಅದು. ಎರಡನೆಯ ಪಾಠ, ಬಳಸುವವರು ಹೇಳಿದ್ದನ್ನು ನಂಬಬೇಡ, ಮೆಷೀನು ಬರೆದಿಟ್ಟದ್ದನ್ನು ನಂಬು.

ಸೋಮವಾರ ಹನ್ನೊಂದು ಗಂಟೆಗೆ, ನಾನು ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತಿದ್ದಾಗ, ಅವಳು ನನ್ನ ಕೋಣೆಯ ಬಾಗಿಲಿಗೆ ಬಂದು, "ರೀ, ಗೆರೆ ಸ್ವಲ್ಪ ಬಾಗಿದ ಹಾಗೆ ಕಾಣ್ತದೆ," ಅಂದಳು.

"ಎಲ್ಲಿ? ಪರದೆಯ ಯಾವ ಭಾಗದಲ್ಲಿ?"

"ಒಂದು ಕಡೆ ಅಂತ ಇಲ್ಲ. ನಾನು ನೋಡುವ ಕಡೆ ಮಾತ್ರ."

ಇದನ್ನು ನಾನು ಹಾಗೇ ಬರೆದುಕೊಂಡೆ. 'ಅವಳು ನೋಡುವ ಕಡೆ ಮಾತ್ರ ಬಾಗುತ್ತದಂತೆ.' ಅದರ ಪಕ್ಕದಲ್ಲಿ ನನ್ನ ಊಹೆಯನ್ನೂ ಬರೆದೆ. ಲೇಔಟ್ ಮಾಡುವವರು ಮೌಸಿನ ಬಾಣ ಎಲ್ಲಿರುತ್ತದೋ ಅಲ್ಲಿಯೇ ನೋಡುತ್ತಾರೆ. ಬಾಣವನ್ನು ಗ್ರಾಫಿಕ್ಸ್ ಕಾರ್ಡು ಬೇರೆಯೇ ಪದರದಲ್ಲಿ ಬರೆಯುತ್ತದೆ. ಆ ಪದರದ ಲೆಕ್ಕಾಚಾರ ತಪ್ಪಿ ಅದರ ಸುತ್ತ ಚಿತ್ರ ಸೊಟ್ಟಗಾಗುತ್ತಿರಬೇಕು. ಬಹಳ ಚಂದದ ಊಹೆ. ಆಫೀಸಿನ ಮೀಟಿಂಗಿನಲ್ಲಿ ಹೇಳಿದ್ದರೆ ಎಲ್ಲರೂ ತಲೆದೂಗುತ್ತಿದ್ದರು.

ಗುರುವಾರದ ಹೊತ್ತಿಗೆ ಅಕ್ಷರಗಳು ಸರಿಯಾದವು, ಚಿತ್ರ ಹರಿಯುವುದು ನಿಂತಿತು. ಗೆರೆ ಮಾತ್ರ ಬಾಗಿಯೇ ಇತ್ತು. ಬಾಣದ ಪದರವನ್ನು ಆಫ್ ಮಾಡಿದೆ, ಡ್ರೈವರಿನ ಹಳೆಯ ಆವೃತ್ತಿ ಹಾಕಿದೆ, ಕರ್ನೆಲನ್ನೇ ಹಿಂದಕ್ಕೆ ತಂದೆ. ಪ್ರತಿ ಸಲವೂ ಅವಳನ್ನು ಕರೆದು ಕೂರಿಸಿ ಈಗ ಹೇಗಿದೆ ಅಂತ ಕೇಳುವುದು, ಅವಳು ಕತ್ತು ಸ್ವಲ್ಪ ಓರೆ ಮಾಡಿ ನೋಡಿ, "ಹಾಗೇ ಉಂಟು," ಅನ್ನುವುದು. ಕತ್ತು ಓರೆ ಮಾಡಿ ನೋಡುವ ಅಭ್ಯಾಸ ಅವಳಿಗೆ ಮೊದಲು ಇರಲಿಲ್ಲ. ನನಗೆ ಅದು ಕಾಣಲಿಲ್ಲ, ಏಕೆಂದರೆ ನಾನು ಪರದೆ ನೋಡುತ್ತಿದ್ದೆ.

ಒಂದು ಸಲ ರೇಗಿಯೂಬಿಟ್ಟೆ. ನನ್ನ ಕಣ್ಣಿಗೆ ಎಲ್ಲ ನೆಟ್ಟಗೆ ಕಾಣುತ್ತಿದೆ, ಇವಳಿಗೆ ಮಾತ್ರ ಸೊಟ್ಟ ಅಂದರೆ ಏನರ್ಥ? "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಅಂದೆ. ಡೆಲಿವರಿ ತಡವಾಗುತ್ತಿರುವುದಕ್ಕೆ ನೆಪ ಹುಡುಕುತ್ತಿದ್ದಾಳೆ ಅನ್ನುವ ಕೊಂಕು ಅದರಲ್ಲಿತ್ತು. ಅವಳಿಗೆ ಅದು ತಟ್ಟದೆ ಇರಲಿಲ್ಲ. ಅಡುಗೆಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದಳು.

ಎರಡನೇ ವಾರ ನನಗೊಂದು ಸುಳಿವು ಸಿಕ್ಕಿತು. ಅವಳು ಸೊಟ್ಟ ಅನ್ನುವ ಕ್ಷಣದಲ್ಲೇ ಪರದೆಯ ಚಿತ್ರದ ಸ್ಕ್ರೀನ್‌ಶಾಟ್ ತೆಗೆದು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದೆ. ಗೆರೆಗಳು ನೂಲು ಹಿಡಿದ ಹಾಗೆ ನೆಟ್ಟಗಿದ್ದವು. ನನಗೆ ಖುಷಿಯೋ ಖುಷಿ. ಕಂಪ್ಯೂಟರಿನೊಳಗೆ ಚಿತ್ರ ಸರಿಯಾಗಿದೆ ಅಂದಮೇಲೆ ಡ್ರೈವರಿನ ತಪ್ಪಲ್ಲ, ತಪ್ಪು ಅದರಾಚೆ ಎಲ್ಲೋ ಇದೆ, ಕೇಬಲ್ಲಿನಲ್ಲೋ ಮಾನಿಟರಿನಲ್ಲೋ. ಹೊಸ ಕೇಬಲ್ ತಂದು ಹಾಕಿದೆ. ಗೆರೆ ಬಾಗಿಯೇ ಇತ್ತು. ನನ್ನ ಮಾನಿಟರನ್ನು ಎತ್ತಿಕೊಂಡು ಹೋಗಿ ಅವಳ ಮೇಜಿನ ಮೇಲಿಟ್ಟೆ. ಆಗಲೂ ಹಾಗೇ.

"ಎಲ್ಲ ಬದಲಾಯಿಸಿ ಆಯ್ತು. ಇನ್ನು ಉಳಿದಿರೋದು ನಿನ್ನ ಕಣ್ಣು ಮಾತ್ರ," ಅಂತ ನಗುತ್ತಾ ಅಂದೆ.

ಅವಳು ನಗಲಿಲ್ಲ. "ಮತ್ತೊಮ್ಮೆ ಡ್ರೈವರ್ ನೋಡುವ, ಆಗದಾ?" ಅಂದಳು. ಅವಳ ದನಿಯಲ್ಲಿ ಒಂದು ಬೇಡಿಕೆ ಇತ್ತು ಅಂತ ಈಗ ಅನ್ನಿಸುತ್ತದೆ. ಅವತ್ತು ನನಗೆ ಕೇಳಿಸಿದ್ದು, ಇವಳಿಗೆ ಈ ಕೆಲಸದ ತಲೆಬುಡ ಗೊತ್ತಿಲ್ಲ, ಸ್ಕ್ರೀನ್‌ಶಾಟಿನಲ್ಲಿ ಇಲ್ಲದ್ದು ಡ್ರೈವರಿನಲ್ಲಿ ಹೇಗಿರುತ್ತದೆ ಅನ್ನುವುದು ಮಾತ್ರ.

ಗುರುವಾರ ಸಂಜೆ ನಾಲ್ಕರ ಸುಮಾರಿಗೆ ನನ್ನ ತಾಳ್ಮೆ ತಪ್ಪಿತು. ಮಗಳ ಹಳೆಯ ಡಬ್ಬಿಯಿಂದ ಸ್ಟೀಲಿನ ಸ್ಕೇಲು ತೆಗೆದುಕೊಂಡು ಹೋಗಿ, ಪರದೆಯ ಮೇಲಿನ ಒಂದು ಕೆಂಪು ಗೆರೆಗೆ ಒತ್ತಿ ಹಿಡಿದೆ. ಸ್ಕೇಲಿನ ಅಂಚಿಗೂ ಗೆರೆಗೂ ನಡುವೆ ಕೂದಲೆಳೆಯಷ್ಟೂ ಸಂದಿ ಇರಲಿಲ್ಲ. ಗೆದ್ದೆ ಅಂದುಕೊಂಡೆ.

"ನೋಡು, ಸರಿಯಾಗಿ ನೋಡು. ಸ್ಕೇಲಿಗೆ ಸರಿಸಮ ಇದೆಯೋ ಇಲ್ವೋ?"

"ಉಂಟು."

"ಮತ್ತೆ? ಎಲ್ಲಿ ಸೊಟ್ಟ?"

ಅವಳು ಕತ್ತು ಓರೆ ಮಾಡಿ ಸ್ಕೇಲನ್ನೇ ನೋಡಿದಳು. ಆಮೇಲೆ ಮೆಲ್ಲಗೆ, "ಸ್ಕೇಲೂ ಸೊಟ್ಟ ಕಾಣ್ತದೆ," ಅಂದಳು.

ನನ್ನ ಕೈ ಪರದೆಯ ಮೇಲೇ ಇತ್ತು. ಒಂದು ಕಣ್ಣು ಮುಚ್ಚು ಅಂದೆ. ಬಲಗಣ್ಣು ಮುಚ್ಚಿದಾಗ ಎಲ್ಲ ನೆಟ್ಟಗಿತ್ತು. ಎಡಗಣ್ಣು ಮುಚ್ಚಿ ಬರೀ ಬಲಗಣ್ಣಿನಲ್ಲಿ ನೋಡಿದಾಗ ಸ್ಕೇಲಿನ ನಡುವೆ ಹೊಟ್ಟೆ ಬಂದಿತ್ತು, ಅಲ್ಲೊಂದು ಬೂದು ಕಲೆಯೂ ಇತ್ತು. ಕಿಟಕಿಯ ಕಡೆ ತಿರುಗಿಸಿ ಬ್ಲೈಂಡ್ಸ್ ನೋಡು ಅಂದೆ. ಅದರ ಪಟ್ಟಿಗಳೂ ಬಾಗಿದ್ದವು. ನನ್ನ ಮುಖ ನೋಡು ಅಂದೆ. ನೋಡಿದಳು, ಆದರೆ ಹೇಗೆ ಕಾಣುತ್ತದೆ ಅಂತ ಹೇಳಲಿಲ್ಲ. ಈ ಎಲ್ಲ ಪರೀಕ್ಷೆಗೆ ಒಂದು ನಿಮಿಷ ಕೂಡ ಹಿಡಿಯಲಿಲ್ಲ. ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದೆ ಅನ್ನಬಹುದು. ಆದರೆ ಗಾದೆಯಲ್ಲಿ ಹುಡುಕುವಷ್ಟು ಹೊತ್ತೂ ಕೂಸಿಗೆ ಏನೂ ಆಗಿರುವುದಿಲ್ಲ.

ಮರುದಿನ ಬೆಳಿಗ್ಗೆ ಪಾಲೋ ಆಲ್ಟೋದಲ್ಲಿ ರೆಟಿನಾ ಡಾಕ್ಟರು ಸಿಕ್ಕರು. ವಯಸ್ಸಾದ ಹೆಂಗಸು, ಗಡಿಬಿಡಿ ಇಲ್ಲದವರು. ಕಣ್ಣಿಗೆ ಹನಿ ಹಾಕಿ, ಫೋಟೋ ತೆಗೆಸಿ, ಬಲಗಣ್ಣಿನ ಪರೆಯ ಕೆಳಗೆ ಹುಟ್ಟಬಾರದ ಕಡೆ ಸಣ್ಣ ರಕ್ತನಾಳಗಳು ಹುಟ್ಟಿ ಸೋರುತ್ತಿವೆ ಅಂತ ವಿವರಿಸಿದರು. ನೋಟದ ನಟ್ಟನಡುವೆಯೇ ಸೋರಿಕೆ. ಹೈ ಪವರ್ ಇದ್ದವರಿಗೆ ಹೀಗಾಗುವುದುಂಟು, ಕಣ್ಣಿಗೇ ಇಂಜೆಕ್ಷನ್ ಕೊಟ್ಟು ನಿಲ್ಲಿಸಬಹುದು, ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು ಅಂದರು. ಆಮೇಲೆ, ಗೆರೆಗಳು ಬಾಗಿದಂತೆ ಕಾಣಲು ಶುರುವಾಗಿ ಎಷ್ಟು ದಿನ ಆಯಿತು ಅಂತ ಕೇಳಿದರು.

"ಎರಡು ಮೂರು ದಿನ," ಅಂದಳು ನನ್ನ ಹೆಂಡತಿ.

ಅವಳ ಕಣ್ಣಿನ ಪಾಪೆಗಳು ಹನಿಗೆ ಅಗಲವಾಗಿದ್ದವು. ನಾನು ಕೂತಿದ್ದ ಕಡೆ ತಿರುಗದೆ ಎದುರಿನ ಗೋಡೆ ನೋಡುತ್ತಾ ಹೇಳಿದಳು. ಅವಳು ಸುಳ್ಳು ಹೇಳುವವಳಲ್ಲ. ಆ ಕೋಣೆಯಲ್ಲಿ, ಪರರ ಎದುರು, ಗಂಡನ ತಲೆ ತಗ್ಗಬಾರದು ಅಂತ ಹೇಳಿದಳು. ನಮ್ಮ ಕಡೆಯ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗಂಡ ಮಾಡಿದ ಎಡವಟ್ಟನ್ನು ನಾಲ್ಕು ಜನರ ಮುಂದೆ ಸೆರಗಿನೊಳಗೆ ಮುಚ್ಚಿಕೊಳ್ಳುವುದು ಅವರಿಗೆ ಮಾತು ಬಂದಷ್ಟೇ ಸಹಜವಾಗಿ ಬರುತ್ತದೆ. ಒಂದು ಗಳಿಗೆ ನಾನೂ ಸುಮ್ಮನಿದ್ದೆ. ಆ ಒಂದು ಗಳಿಗೆಯ ಬಗ್ಗೆ ನನಗೆ ಇವತ್ತಿಗೂ ನಾಚಿಕೆಯಿದೆ.

ಆಮೇಲೆ ಫೋನು ತೆಗೆದು ನನ್ನ ಫೈಲು ತೆರೆದೆ. ಹನ್ನೊಂದು ದಿನ ಅಂದೆ. ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ. ನೋಡುವ ಕಡೆ ಮಾತ್ರ ಬಾಗುತ್ತದೆ ಅಂತ ಅವತ್ತೇ ಹೇಳಿದ್ದಾಳೆ ಅಂದೆ. ಡಾಕ್ಟರು ನನ್ನ ಕಡೆ ನೋಡಿ, ಇಷ್ಟು ಸರಿಯಾಗಿ ಹೇಗೆ ಬರೆದಿಟ್ಟಿದ್ದೀರಿ ಅಂತ ಕೇಳಿದರು. ಕಂಪ್ಯೂಟರಿನ ತಪ್ಪು ಅಂದುಕೊಂಡಿದ್ದೆ ಅಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ತಾರೀಖನ್ನು ಬರೆದುಕೊಂಡು, ಮೊದಲನೇ ದಿನವೇ ಬಂದಿದ್ದರೆ ಎಷ್ಟು ಉಳಿಯುತ್ತಿತ್ತು ಅಂತ ಯಾರಿಗೂ ಹೇಳಲಾಗದು, ಇವತ್ತು ಶುರು ಮಾಡೋಣ ಅಂದರು. ಅವತ್ತೇ ಮೊದಲ ಇಂಜೆಕ್ಷನ್ ಆಯಿತು.

ಮನೆಗೆ ಬರುವಾಗ ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ. ಮನೆಗೆ ಬಂದು, ಅವಳನ್ನು ಮಲಗಿಸಿ, ಅನ್ನಕ್ಕಿಟ್ಟು ಬಂದು ಮಂಚದ ತುದಿಯಲ್ಲಿ ಕೂತೆ. ಕ್ಷಮಿಸು ಅಂದೆ. ಇಷ್ಟು ವರ್ಷದಲ್ಲಿ ಆ ಮಾತನ್ನು ಇಂಗ್ಲಿಷಿನಲ್ಲಿ ಸಾವಿರ ಸಲ ಅಂದಿದ್ದೇನೆ, ಕನ್ನಡದಲ್ಲಿ ಅಂದದ್ದು ಅದೇ ಮೊದಲು.

"ಬ್ಲೈಂಡ್ಸ್ ಸೊಟ್ಟ ಕಾಣ್ತದೆ ಅಂತ ನನಗೆ ಬುಧವಾರವೇ ಗೊತ್ತಾಗಿತ್ತು," ಅಂದಳು. "ಮೊದಲನೇ ವಾರದ ಬುಧವಾರ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಅಷ್ಟು ಗಟ್ಟಿಯಾಗಿ ಕಂಪ್ಯೂಟರಿನದ್ದೇ ಅಂತ ಹೇಳುವಾಗ, ಅದೇ ಆಗಿರಲಿ ದೇವರೇ ಅಂತ ಆಸೆ ಆಗ್ತಿತ್ತು. ನೀವು ಸರಿಮಾಡಿದ್ರೆ ಸರಿಯಾಗ್ತದೆ ಅಂತ." ಮತ್ತೆ ಅಂದಳು, "ಹೇಳಿದ್ರೂ ಎಂತ ಆಗ್ತಿತ್ತು? ನೀವು ನೆಲ ಡೊಂಕು ಅಂದ್ರಲ್ಲ."

ಅವಳ ಮೇಲೆ ನನಗೆ ಸಿಟ್ಟೂ ಬಂತು, ಅದನ್ನೂ ಬರೆದುಬಿಡುತ್ತೇನೆ. ಹೇಳಬಾರದಿತ್ತೇ, ಕೂಗಾಡಬಾರದಿತ್ತೇ ಅಂತ. ಆದರೆ ಮೂರು ಸಲ ಹೇಳಿ ಮೂರು ಸಲವೂ ಮಾತು ಪರದೆಯ ಕಡೆಗೇ ಹೋದರೆ ನಾಲ್ಕನೇ ಸಲ ಯಾರು ಹೇಳುತ್ತಾರೆ? ಅನ್ನ ತಳ ಹತ್ತಿದ ವಾಸನೆ ಬಂದಾಗ ಎದ್ದು ಹೋದೆ.

ಆರು ತಿಂಗಳಲ್ಲಿ ಐದು ಇಂಜೆಕ್ಷನ್ ಆದವು. ಸೋರಿಕೆ ನಿಂತಿತು. ಆದರೆ ಬಲಗಣ್ಣಿನ ನಡುವಿನ ಬೂದು ಕಲೆ ಹೋಗಲಿಲ್ಲ, ಗೆರೆಯ ಹೊಟ್ಟೆಯೂ ಪೂರ್ತಿ ಇಳಿಯಲಿಲ್ಲ. ಆ ಕಣ್ಣಿನಲ್ಲಿ ಅವಳು ಇನ್ನು ಓದುವ ಹಾಗಿಲ್ಲ. ಎಡಗಣ್ಣಿನ ಬಲದ ಮೇಲೆ ಲೇಔಟ್ ಮಾಡುತ್ತಾಳೆ, ಮೊದಲಿಗಿಂತ ನಿಧಾನವಾಗಿ. ಉಳಿದಿರುವುದು ಅದೊಂದೇ, ಮತ್ತು ಅದರ ಪವರೂ ಹದಿನಾಲ್ಕೇ. ಅದನ್ನು ಕಾಯುವುದಕ್ಕೆ ಡಾಕ್ಟರು ಒಂದು ಚೌಕಳಿ ಕಾಗದ ಕೊಟ್ಟಿದ್ದರು, ನಡುವೆ ಒಂದು ಚುಕ್ಕೆ. ಅದು ಫ್ರಿಜ್ಜಿನ ಮೇಲೆ ಅಂಟಿಕೊಂಡಿದೆ. ದಿನಾ ಬೆಳಿಗ್ಗೆ ಒಂದೊಂದೇ ಕಣ್ಣು ಮುಚ್ಚಿ ಚುಕ್ಕೆ ನೋಡಬೇಕು, ಎಡಗಣ್ಣಿಗೆ ಒಂದು ಗೆರೆ ಬಾಗಿ ಕಂಡರೂ ಅವತ್ತೇ ಬರಬೇಕು ಅಂದಿದ್ದರು.

ನಾನು ದಿನಾ ಕೇಳುತ್ತಿದ್ದೆ. ಕಾಫಿ ಲೋಟ ಹಿಡಿದುಕೊಂಡು, ನೋಡಿದೆಯಾ, ನೆಟ್ಟಗಿದೆಯಾ ಅಂತ. "ಸರಿ ಉಂಟು," ಅನ್ನುತ್ತಿದ್ದಳು. ದಿನಾ ಅದೇ ಮಾತು, ಅದೇ ದನಿ. ಆ ದನಿ ನನಗೆ ಗೊತ್ತಿತ್ತು. ಡಾಕ್ಟರಿಗೆ ಎರಡು ಮೂರು ದಿನ ಅಂದದ್ದೂ ಅದೇ ದನಿಯಲ್ಲಿ. ನನ್ನನ್ನು ಕಾಪಾಡುವ ಸಲುವಾಗಿ ಅವಳು ತನ್ನ ಕಣ್ಣನ್ನೇ ಬಿಟ್ಟುಕೊಡಬಲ್ಲಳು ಅನ್ನುವುದು ಗೊತ್ತಾದ ಮೇಲೆ 'ಸರಿ ಉಂಟು' ಅಂದರೆ ಏನಂತ ತಿಳಿಯಲಿ? ಮೆಷೀನಾಗಿದ್ದರೆ ತನಗಾದದ್ದನ್ನು ಬರೆದಿಟ್ಟಿರುತ್ತಿತ್ತು, ತೆಗೆದು ಓದಬಹುದಿತ್ತು. ಅವಳು ಹೇಳಿದರೆ ಮಾತ್ರ ನನಗೆ ಗೊತ್ತಾಗುವುದು. ಇದು ನನ್ನನ್ನು ಬಹಳ ಹೆದರಿಸಿತ್ತು.

ಹೋದ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ, ಮನೆಯಿಂದಲೇ. ನಾನೇ ಮಾತಾಡುತ್ತಿದ್ದೆ. ಅವಳು ಒಳಗೆ ಬಂದಳು. ಮೀಟಿಂಗು ನಡೆಯುತ್ತಿದ್ದರೆ ಬಾಗಿಲಲ್ಲೇ ನಿಂತು ಸನ್ನೆ ಮಾಡುವವಳು, ಅವತ್ತು ನೇರವಾಗಿ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವ ಹಾಗೆ, "ರೀ, ಎಡಗಣ್ಣು. ಈಗ ನೋಡಿದ್ದು. ಒಂದು ಗೆರೆ ಬಾಗಿದೆ," ಅಂದಳು.

ಉಳಿದಿದ್ದ ಒಂದೇ ಕಣ್ಣು ಅಂತ ನನಗೆ ಹೆದರಿಕೆಯಾಯಿತು. ಅದರ ಜೊತೆಗೇ, ಹೇಳಿದಳಲ್ಲ, ನನಗೆ ಹೇಳಿದಳಲ್ಲ ಅಂತ ಒಂದು ಸಂತೋಷವೂ ಆಯಿತು. ಲ್ಯಾಪ್‌ಟಾಪನ್ನು ಹಾಗೇ ಮಡಚಿದೆ.

ಹತ್ತು ನಿಮಿಷದಲ್ಲಿ ಫ್ರೀವೇ ಮೇಲಿದ್ದೆವು. ಅವಳು ಪಕ್ಕದಲ್ಲಿ ಕೂತು ಅಂಗೈಯಿಂದ ಒಂದು ಕಣ್ಣು ಮುಚ್ಚಿಕೊಂಡು ಮುಂದಿನ ರಸ್ತೆಯ ಬಿಳಿ ಪಟ್ಟೆಗಳನ್ನು ನೋಡುತ್ತಿದ್ದಳು. ನಾನು ಕೇಳಿರಲಿಲ್ಲ, ತಾನಾಗಿಯೇ ಹೇಳತೊಡಗಿದಳು. ಈಗ ಬಲದ್ದು ಮುಚ್ಚಿದ್ದೇನೆ, ದೂರದ ಪಟ್ಟೆ ನೆಟ್ಟಗುಂಟು, ಹತ್ತಿರದ್ದು ಸ್ವಲ್ಪ ಒಳಗೆ ಬಾಗಿದೆ. ಕಲೆ ಇಲ್ಲ. ಬಣ್ಣ ಸರಿ ಉಂಟು. ನನಗೆ ಹೆದರಿಕೆ ಆಗ್ತಾ ಉಂಟು ಮಾರಾಯ್ರೆ. ಈಗ ಆ ಟ್ರಕ್ಕಿನ ಅಂಚು ನೋಡ್ತೇನೆ, ಅದೂ ಸ್ವಲ್ಪ ಬಾಗಿದೆ. ನಾನು ರಸ್ತೆಯಿಂದ ಕಣ್ಣು ತೆಗೆಯದೆ ಹೂಂ ಅನ್ನುತ್ತಿದ್ದೆ. ಆಸ್ಪತ್ರೆಯ ಬಾಗಿಲು ಮುಟ್ಟುವವರೆಗೂ ಅವಳು ಹೇಳುತ್ತಲೇ ಇದ್ದಳು, ನಾನು ಕೇಳುತ್ತಲೇ ಇದ್ದೆ.